ಎರಡು ಬೆರಳು ಸಡಿಲ

ಅಮರಾಪುರದ ಗೋಪಣ್ಣ ತೀರಿಕೊಂಡ ಸುದ್ದಿ ರಾಯದುರ್ಗಕ್ಕೆ ಬಂದದ್ದು ಸೋಮವಾರ ಬೆಳಗಿನ ಆರು ಗಂಟೆಗೆ. ಮನೆಗೊಂದೇ ಮೊಬೈಲು ಇದ್ದ ಕಾಲ ಅದು. ಕಲ್ಲೇಶ ಮನೆಯ ಮುಂದಿನ ಷೆಡ್ಡಿನಲ್ಲಿ ಜೀನ್ಸ್ ಬಟ್ಟೆ ಹಾಸಿಕೊಂಡು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಫೋನು ಕಿವಿಗೆ ಹಿಡಿದು "ಹೌದಾ", "ಯಾವಾಗ" ಎಂದು ಎರಡು ಮಾತಾಡಿದವನು, ಕತ್ತರಿಸಿಟ್ಟ ಪ್ಯಾಂಟುಗಳ ಗಂಟಿನ ಮೇಲೆ ಕುಸಿದು ಕುಳಿತು ಅಳತೊಡಗಿದ.

ಆ ದಿನದ ತಾಪತ್ರಯಕ್ಕೆಲ್ಲ ಆ ಅಳುವೇ ಮೂಲ. ಕಲ್ಲೇಶ ಅಳುವ ಪೈಕಿಯವನಲ್ಲ. ಎರಡು ವರ್ಷದ ಹಿಂದೆ ಸ್ವಂತ ಸೋದರಮಾವ ಶಿವನ ಪಾದ ಸೇರಿದಾಗ ಸುತ್ತಲಿನವರೆಲ್ಲ ಗೋಳಾಡುತ್ತಿದ್ದರೆ, ಇವನು ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಂಗಿ ಹೆಗಲಿನ ಹತ್ರ ಒಂದಿಂಚು ಜಾಸ್ತಿ ಆಗೇತಿ" ಎಂದಿದ್ದ. ಅಳತೆ ಅವನಿಗೆ ಅನ್ನವೂ ಹೌದು, ಧರ್ಮವೂ ಹೌದು. ರಾಯದುರ್ಗದ ಕಟಿಂಗ್ ಮಾಸ್ಟರುಗಳಲ್ಲಿ ಕಲ್ಲೇಶನ ಕತ್ತರಿ ಒಂದು ಎಳೆಯಷ್ಟೂ ತಪ್ಪುವುದಿಲ್ಲ ಎಂದು ಹೆಸರು. ಅಂಥವನು ಈಗ ಹೊಸ ಬಟ್ಟೆಯ ತುಂಡಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ.

ಹೊಸ್ತಿಲ ಮೇಲೆ ಕುಳಿತು ಹೊಲಿದ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಿದ್ದ ಹೆಂಡತಿ ವಿಜಯಲಕ್ಷ್ಮಿ ಕತ್ತರಿ ಕೆಳಗಿಟ್ಟಳು.

"ಯಾರು ಹೋದ್ರು?"

"ಗುರುತಿನವ್ರು. ಅಮರಾಪುರದಾಗ."

"ಗುರುತಿನವ್ರಿಗೆ ಇಷ್ಟು ಅಳ್ತಾರೇನ್ರಿ?"

ಕಲ್ಲೇಶ ಮತ್ತೆ ಸೀಮೆಸುಣ್ಣ ಕೈಗೆತ್ತಿಕೊಂಡ. ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹದಿನಾಲ್ಕು ತಿಂಗಳಿಂದ ಬಚ್ಚಿಟ್ಟ ನಿಜ ಒಮ್ಮೆಲೇ ಬಾಯಿಗೆ ಬರುವುದಿಲ್ಲ. ಹಳೇ ಟ್ರಂಕಿನ ಬೀಗದ ಹಾಗೆ ಅದಕ್ಕೂ ತುಕ್ಕು ಹಿಡಿದಿರುತ್ತದೆ.

ನಿಜ ಇಷ್ಟೇ. ಹರೆಯದಲ್ಲಿ ಕಲ್ಲೇಶ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಆರು ವರ್ಷ ದುಡಿದಿದ್ದ. ಒಂದು ಕೋಣೆಯಲ್ಲಿ ಏಳು ಮಂದಿ. ಅದರಲ್ಲೊಬ್ಬನ ಹತ್ತಿರ ಹಳೇ ಗಿಟಾರು ಇತ್ತು. ಅದರ ಮೇಲೆ ಕಲ್ಲೇಶ ಮೂರು ರಾಗ ಕಲಿತ. ನಾಲ್ಕನೆಯದು ಕಲಿಯುವಷ್ಟರಲ್ಲಿ ಊರಿನಿಂದ ಮದುವೆಯ ಕರೆ ಬಂತು. ಆಮೇಲೆ ರಾಯದುರ್ಗದಲ್ಲೇ ಜೀನ್ಸ್ ಕೆಲಸ ಹೆಚ್ಚಿತು, ಎಂಟು ಮೆಷಿನ್ನಿನ ಷೆಡ್ಡು ಎದ್ದಿತು, ಮೂರು ಮಕ್ಕಳಾದವು, ತಾಯಿಯ ಕಣ್ಣಿಗೆ ಪೊರೆ ಬಂತು. ಕಲ್ಲೇಶನ ಬಾಯಲ್ಲಿ ಒಂದೇ ಮಾತು ಉಳಿಯಿತು: "ಪುರುಸೊತ್ತಿಲ್ಲ." ಬೆಳುಗುಪ್ಪದ ತವರಿಗೆ ಕರೆದುಕೊಂಡು ಹೋಗಿ ಎಂದರೆ ಪುರುಸೊತ್ತಿಲ್ಲ. ಬಚ್ಚಲಿನ ಬಾಗಿಲು ಸರಿಮಾಡಿಸಿ ಎಂದರೆ ಪುರುಸೊತ್ತಿಲ್ಲ. ಆದರೆ ತಿಂಗಳಿಗೊಮ್ಮೆ ಕತ್ತರಿಸಿದ ಬಟ್ಟೆಯ ಬಂಡಲ್ ಹೊಲಿಯಲು ಕೊಡುವ ನೆಪದಲ್ಲಿ ಮಡಕಶಿರಾ ಕಡೆ ಹೋಗಲು ಮಾತ್ರ ಹೇಗೋ ಪುರುಸೊತ್ತು ಸಿಗುತ್ತಿತ್ತು.

ಮಡಕಶಿರಾದ ಆಚೆ, ಅಮರಾಪುರದಲ್ಲಿದ್ದವನು ಗೋಪಣ್ಣ. ಕುರಿ ಸಾಕುವ ಮನೆಯವನು. ಅವನೂ ಬೆಂಗಳೂರಿಗೆ ಗುಳೆ ಹೋಗಿ, ವಾದ್ಯ ಮಾಡುವ ಕಾರ್ಖಾನೆಯೊಂದರಲ್ಲಿ ಮರ ಕೆತ್ತಲು ಕಲಿತು, ಎದೆಯ ತುಂಬ ಮರದ ಪುಡಿ ತುಂಬಿಕೊಂಡು ಊರಿಗೆ ಮರಳಿದ್ದ. ಕುರಿ ಮೇಯಿಸುತ್ತ, ಕೆಮ್ಮುತ್ತ, ವರ್ಷಕ್ಕೊಂದು ಗಿಟಾರು ಕೈಯಲ್ಲೇ ಮಾಡುತ್ತಿದ್ದ. ಕಲ್ಲೇಶ ತನಗೊಂದು ಬೇಕೆಂದಾಗ, ಬಿದ್ದ ಮನೆಯೊಂದರ ಹಲಸಿನ ಬಾಗಿಲನ್ನು ತೋರಿಸಿ, "ಈ ಬಾಗ್ಲು ನಿಂಗೆ ಹಾಡ್ತೈತೆ ಕಣಣ್ಣ. ಅವಸರ ಮಾಡ್ಬ್ಯಾಡ" ಎಂದಿದ್ದ. ಅವಸರದಲ್ಲೇ ಬದುಕುತ್ತಿದ್ದ ಕಲ್ಲೇಶನಿಗೆ ಆ ಮಾತು ಮಂತ್ರದಂತೆ ಕೇಳಿತು. ಮುಂಗಡದ ಜೊತೆಗೆ ಪ್ರೀತಿಯಿಂದ ಗೋಪಣ್ಣನ ಮಕ್ಕಳಿಗೆ ಜೀನ್ಸ್ ಹೊಲಿದುಕೊಟ್ಟ. ಹೋದ ತಿಂಗಳು ಗಿಟಾರಿಗೆ ಬಣ್ಣ ಮತ್ತು ತಂತಿ ಮಾತ್ರ ಬಾಕಿ ಇದ್ದಾಗ ಟೇಪು ಹಿಡಿದು ಅದರ ಅಳತೆ ತೆಗೆದುಕೊಂಡು ಬಂದು, ಯಾರಿಗೂ ಕಾಣದಂತೆ ಜೀನ್ಸ್ ಬಟ್ಟೆಯಲ್ಲೇ ಅದಕ್ಕೊಂದು ಚೀಲ ಹೊಲಿದಿಟ್ಟಿದ್ದ.

ನಲವತ್ತರ ಗಂಡಸು, ಮೂರು ಮಕ್ಕಳ ತಂದೆ, ಗಿಟಾರು ಹಿಡಿದರೆ ಓಣಿ ನಗುತ್ತದೆಂಬ ನಾಚಿಕೆಗೆ ಮನೆಯಲ್ಲಿ ಹೇಳಿರಲಿಲ್ಲ. ಮನೆಯಲ್ಲಿ ಬೇರೆ ಲೆಕ್ಕ ನಡೆದಿತ್ತು. ಮಡಕಶಿರಾದಿಂದ ಬಂದಾಗಲೆಲ್ಲ ಗಂಡನ ಅಂಗಿಗೆ ಪಾಲಿಷ್ ವಾಸನೆ. ಊಟ ಮಾಡುವಾಗ ಬೆರಳು ತಟ್ಟೆಯ ಅಂಚಿನ ಮೇಲೆ ಕುಣಿಯುತ್ತಿದ್ದವು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಹಾಡು ಗುನುಗುವುದು. ಪಕ್ಕದ ಮನೆಯ ಪಾಪಕ್ಕ ಈ ಲಕ್ಷಣಗಳನ್ನೆಲ್ಲ ಕೇಳಿ ತಿಂಗಳ ಹಿಂದೆಯೇ ತೀರ್ಪು ಕೊಟ್ಟಿದ್ದಳು: "ನಲವತ್ತರಾಗ ಗಂಡ್ಸು ಹಾಡಿದ್ರ, ಅದು ಮನ್ಯಾಗ ಇರೋರಿಗೆ ಅಲ್ಲವ್ವ."

ಪಾಪಕ್ಕನ ಮನೆಗೂ ಇವರ ಮನೆಗೂ ಒಂದೇ ಗೋಡೆ. ಈ ಕಡೆ ಸಾಸಿವೆ ಸಿಡಿದರೆ ಆ ಕಡೆ ಪಾಪಕ್ಕ ಸೀನುತ್ತಿದ್ದಳು. ಆ ಕಡೆ ಅವಳ ಮನೆಅಳಿಯ ರಮೇಶ್ ಕೆಲಸವಿಲ್ಲದೆ ತಟ್ಟೆ, ಡಬ್ಬ, ಬಾಗಿಲು, ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸುತ್ತಿದ್ದರೆ ಈ ಕಡೆ ಕಲ್ಲೇಶನ ಕತ್ತರಿ ನಡುಗುತ್ತಿತ್ತು. ಆ ಬೆಳಿಗ್ಗೆ ಅಳು ಕೇಳಿ ಪಾಪಕ್ಕ ಹಲ್ಲುಪುಡಿಯ ಬೆರಳಿನಲ್ಲೇ ಬಂದು ನಿಂತಳು. ಬಂಡಲ್ ಹೊಲಿಯುವ ಮನೆಯವನೊಬ್ಬ ಸತ್ತಿದ್ದಾನೆ, ತಾನು ಹೋಗಿ ಬರುತ್ತೇನೆ ಎಂದು ಕಲ್ಲೇಶ ಇಬ್ಬರಿಗೂ ವಿವರಿಸಿದ. ವಿಜಯಲಕ್ಷ್ಮಿ ತಾನೂ ಬರುತ್ತೇನೆಂದಳು. ಸಾವಿನ ಮನೆಗೆ ಗಂಡಸು ಒಬ್ಬನೇ ಹೋಗುವುದು ಒಳ್ಳೆಯದಲ್ಲ, ಗಂಡಹೆಂಡತಿ ಇಬ್ಬರೇ ಹೋಗುವುದೂ ಅಷ್ಟಕ್ಕಷ್ಟೇ, ಮೂವರಿದ್ದರೆ ಒಳಿತು ಎಂದು ಪಾಪಕ್ಕ ಶಾಸ್ತ್ರ ಹೇಳಿದಳು. ಆ ಶಾಸ್ತ್ರ ಅವಳಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಹೊರಡುವ ಮುಂಚೆ ವಿಜಯಲಕ್ಷ್ಮಿ ಗಂಡನನ್ನು ಗೋಡೆಯ ಮೇಲಿನ ನೇಮಕಲ್ಲು ಆಂಜನೇಯನ ಪಟದ ಮುಂದೆ ನಿಲ್ಲಿಸಿದಳು. ಎರಡು ವರ್ಷದ ಕಿರಿಮಗನನ್ನು ಎತ್ತಿ ತಂದು, ಅವನ ತಲೆಯನ್ನು ಕಲ್ಲೇಶನ ಅಂಗೈ ಕೆಳಗಿಟ್ಟಳು.

"ಆ ಮನ್ಯಾಗ ನಿಮ್ಮದು ಅನ್ನೋದು ಏನರ ಐತೇನು? ದೇವರ ಮುಂದ ಹೇಳ್ರಿ."

ಕಲ್ಲೇಶನ ತಲೆ ಬೇಗ ಬೇಗ ಓಡಿತು. ಗಿಟಾರು ತನ್ನದೇ? ಮಾಡಿಸಿದ್ದು ತಾನು; ಆದರೆ ಇನ್ನೂ ಕೈಗೆ ಬಂದಿಲ್ಲ. ಕೈಗೆ ಬರುವ ತನಕ ಮಾಡಿದವನದೇ ತಾನೆ? ಗಿರಾಕಿ ಒಯ್ಯುವ ತನಕ ಪ್ಯಾಂಟು ನಮ್ಮದೇ ಅಲ್ಲವೆ? ಕಟಿಂಗ್ ಮಾಸ್ಟರಿನ ಈ ತರ್ಕ ಹನುಮಂತನಿಗೂ ಒಪ್ಪಿಗೆಯಾದೀತೆಂದು ಧೈರ್ಯ ತಂದುಕೊಂಡ.

"ಆ ಮನ್ಯಾಗ ನಂದು ಅನ್ನೋದು ಏನೂ ಇಲ್ಲ. ಆಂಜನೇಯನಾಣೆ."

ವಿಜಯಲಕ್ಷ್ಮಿ ಮಗನನ್ನು ಅತ್ತೆಯ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿಕೊಂಡಳು. ಆಣೆಯನ್ನು ನಂಬಿದಳು, ಆಣೆ ಮಾಡಿದವನನ್ನು ನಂಬಲಿಲ್ಲ.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಕುಳಿತಾಗ, ಪಾಪಕ್ಕ ಎಲೆಅಡಿಕೆಗೆಂದು ಕಲ್ಲೇಶನ ಕೈಚೀಲಕ್ಕೆ ಕೈ ಹಾಕಿದಳು. ಎಲೆಅಡಿಕೆಯ ಬದಲು ಬಂದದ್ದು ಜೀನ್ಸಿನ ಆ ಚೀಲ. ಸಂದು ಸಿಕ್ಕರೆ ಗಿಟಾರನ್ನು ಅದರಲ್ಲಿ ಹಾಕಿ ಬಂಡಲ್ ಎಂದು ಹೇಳಿ ತಂದುಬಿಡೋಣವೆಂದು ಅವನು ಅದನ್ನು ಮಡಿಚಿ ಅಡಿಯಲ್ಲಿ ತುರುಕಿದ್ದ. ಪಾಪಕ್ಕ ಅದನ್ನು ತೊಡೆಯ ಮೇಲೆ ಬಿಡಿಸಿದಳು. ಮೇಲೆ ಉದ್ದ ಕುತ್ತಿಗೆ, ಕೆಳಗೆ ಹೆಗಲು, ಮಧ್ಯೆ ಸಣ್ಣ ನಡು, ಅದರ ಕೆಳಗೆ ತುಂಬಿದ ಸೊಂಟ. ಬಸ್ಸಿನಲ್ಲಿ ಹಿಂದಿನ ಸೀಟಿನವರೂ ಬಗ್ಗಿ ನೋಡಿದರು.

"ಯಾರ ಅಳತಿರೀ ಇದು?" ಎಂದಳು ವಿಜಯಲಕ್ಷ್ಮಿ. ಅವಳ ದನಿ ತಣ್ಣಗಿತ್ತು. ಅವಳ ದನಿ ತಣ್ಣಗಾದರೆ ಕಲ್ಲೇಶ ಬೆವರುತ್ತಿದ್ದ.

"ಸತ್ತೋರಿಗೆ ಹೊದಿಸಾಕ," ಎಂದುಬಿಟ್ಟ ಅವನು. "ಬಟ್ಟಿ ಒಯ್ಬೇಕಲ್ಲ ಸಾವಿನ ಮನಿಗೆ."

"ಜೀನ್ಸು?"

"ಬೆಂಗಳೂರಾಗ ಇದ್ದ ಮನುಷ್ಯ."

ಪಾಪಕ್ಕ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, ಸತ್ತವನ ಕುತ್ತಿಗೆ ಬಹಳ ಉದ್ದವಿರಬೇಕೆಂದು ವಿಜಯಲಕ್ಷ್ಮಿಯ ಕಿವಿಯಲ್ಲಿ ಉಸುರಿದಳು. ಆದರೂ ಶವಕ್ಕೆ ಬಟ್ಟೆ ಒಯ್ಯುವುದು ಪದ್ಧತಿಯೇ ಆದ್ದರಿಂದ, ಅದನ್ನು ಮರಳಿ ಕೈಚೀಲಕ್ಕೆ ಹಾಕದೆ ತನ್ನ ಕಂಕುಳಲ್ಲೇ ಇಟ್ಟುಕೊಂಡಳು. ಅಲ್ಲಿಂದ ಮುಂದೆ ಆ ಚೀಲ ಕಲ್ಲೇಶನ ಕೈ ಬಿಟ್ಟ ಹಾಗೆಯೇ.

ಗೋಪಣ್ಣನ ಮನೆ ತಲುಪಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಅಂಗಳದ ಬೇವಿನ ಕೆಳಗೆ ಗೋಪಣ್ಣನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮುಖ ಶಾಂತವಾಗಿತ್ತು, ಕೆಮ್ಮು ನಿಂತ ನೆಮ್ಮದಿ. ಅವನ ಪಕ್ಕದಲ್ಲಿ, ಹೂವಿನ ಹಾರ ಹಾಕಿ, ಅರಿಶಿನ ಕುಂಕುಮ ಮೆತ್ತಿ, ಒಂದು ಗಿಟಾರನ್ನು ನಿಲ್ಲಿಸಿದ್ದರು. ಕಲ್ಲೇಶ ಅದರತ್ತ ಎರಡು ಹೆಜ್ಜೆ ಇಟ್ಟ. ಹೋದ ತಿಂಗಳು ಬರಿಯ ಮರವಾಗಿದ್ದದ್ದು ಈಗ ಬಣ್ಣ ಕಂಡು, ತಂತಿ ಕಂಡು ನಿಂತಿದೆ. ಕಣ್ಣು ತುಂಬಿ ಅದಕ್ಕಿಂತ ಹೆಚ್ಚು ಕಾಣಲಿಲ್ಲ.

ಗೋಪಣ್ಣನ ಹೆಂಡತಿ ಮೈಲಾರಮ್ಮ ಅವನನ್ನು ಕಂಡದ್ದೇ, "ಬಂದ್ಯಾ ಅಣ್ಣಾ, ಕಾಯ್ದೂ ಕಾಯ್ದೂ ಹೋದ್ನಲ್ಲ ಕಣಣ್ಣ" ಎಂದು ದನಿ ತೆಗೆದಳು. ಕಲ್ಲೇಶ ಹೆಂಡತಿಯ ಕಡೆ ಒಮ್ಮೆ ನೋಡಿ, ಆ ಹೆಂಗಸನ್ನು ಜನ್ಮದಲ್ಲೇ ಕಾಣದವನ ಹಾಗೆ ದೂರದಿಂದ ಕೈ ಮುಗಿದ.

ವಿಜಯಲಕ್ಷ್ಮಿ ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದಳು. ಅಂಗಳದ ಹಗ್ಗದ ಮೇಲೆ ಮೂರು ಪುಟ್ಟ ಜೀನ್ಸ್ ಪ್ಯಾಂಟು ಒಣಗುತ್ತಿದ್ದವು. ಒಂದೊಂದರ ಹಿಂದಿನ ಜೇಬಿನ ಮೇಲೂ ಹಳದಿ ದಾರದಲ್ಲಿ ಮೂರೆಲೆಯ ಬಿಲ್ವಪತ್ರೆ. ರಾಯದುರ್ಗದಲ್ಲಿ ಒಬ್ಬೊಬ್ಬ ಮಾಸ್ಟರಿಗೂ ಜೇಬಿನ ಮೇಲೆ ಒಂದೊಂದು ಗುರುತು, ಬಿಲ್ವಪತ್ರೆ ಕಲ್ಲೇಶನದು. ಅದರ ದಾರದ ತುದಿಗಳನ್ನು ಹನ್ನೊಂದು ವರ್ಷ ಕತ್ತರಿಸಿದವಳಿಗೆ ಅದು ಗಂಡನ ರುಜುವಿಗಿಂತ ಚೆನ್ನಾಗಿ ಗೊತ್ತು. ಪಾಪಕ್ಕ ಹಗ್ಗದ ಹತ್ತಿರ ಹೋಗಿ ಪ್ಯಾಂಟುಗಳನ್ನು ಗೇಣಿನಲ್ಲಿ ಅಳೆದು ಬಂದು, ದೊಡ್ಡದಕ್ಕೆ ಒಂಬತ್ತು, ಸಣ್ಣದಕ್ಕೆ ನಾಲ್ಕು ವರ್ಷ ಎಂದು ವರದಿ ಕೊಟ್ಟಳು. ವಿಜಯಲಕ್ಷ್ಮಿ ಸೆರಗು ಬಿಗಿದುಕೊಂಡು ಮೈಲಾರಮ್ಮನ ಪಕ್ಕದಲ್ಲೇ ಹೋಗಿ ಕುಳಿತಳು.

ಕಲ್ಲೇಶನಿಗೆ ಈಗ ಎರಡು ಭಯ. ಹೆಂಡತಿ ಏನು ಕೇಳುತ್ತಾಳೋ ಎಂಬುದೊಂದು. ಗಿಟಾರಿಗೆ ಏನಾಗುತ್ತದೋ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಬೇಗ ಸಿಕ್ಕಿತು. ಪಾಪಕ್ಕ ಜನರ ಮಧ್ಯೆ ನುಗ್ಗಿ, ರಾಯದುರ್ಗದಿಂದ ಬಟ್ಟೆ ತಂದಿದ್ದೇವೆಂದು ಜೀನ್ಸಿನ ಚೀಲವನ್ನು ಗೋಪಣ್ಣನ ಮಡಿಲಲ್ಲಿ ಹಾಸಿದಳು. ಗೋಪಣ್ಣನ ದೊಡ್ಡಪ್ಪ ಕಾಟಪ್ಪ, ಎಂಬತ್ತರ ಮುದುಕ, ಅದನ್ನು ಎತ್ತಿ ಹಿಡಿದ. ಒಮ್ಮೆ ಚೀಲ ನೋಡಿದ, ಒಮ್ಮೆ ಗಿಟಾರು ನೋಡಿದ. ಅವನ ಕಣ್ಣಲ್ಲಿ ನೀರಾಡಿತು.

"ನೋಡ್ರಪ್ಪ. ನಮ್ ಗೋಪಣ್ಣನ ಜೊತೆ ಅವನ ವಾದ್ಯಾನೂ ಹೋಗ್ತೈತೆ ಅಂತ ಅದಕ್ಕೂ ಒಂದು ಅಂಗಿ ಹೊಲ್ಕಂಡು ಬಂದವ್ರೆ. ಸ್ವಂತದೋರಿಗೂ ಇದು ಹೊಳೀಲಿಲ್ಲ."

ಸತ್ತವರಿಗೆ ಪ್ರೀತಿಯಾದದ್ದನ್ನು ಗುಣಿಯಲ್ಲಿ ಜೊತೆಗಿಡುವುದು ಆ ಮನೆತನದ ಪದ್ಧತಿ. ಕಾಟಪ್ಪನ ತಂದೆಯ ಜೊತೆ ಕೊಳಲು ಹೋಗಿತ್ತು, ತಾಯಿಯ ಜೊತೆ ಎಲೆಅಡಿಕೆ ಚೀಲ. ಕಲ್ಲೇಶ ನಿಂತಲ್ಲೇ ಕಲ್ಲಾದ. ನಾಲ್ವರು ಹಾರ ತೆಗೆದು, ಗಿಟಾರನ್ನು ಚೀಲದೊಳಗೆ ಇಳಿಸಿ, ಬಾಯಿಯ ದಾರ ಎಳೆದರು. ಅಷ್ಟು ಗೌರವದ ಬಟ್ಟೆ ತಂದವರೇ ಅದನ್ನು ಹೊರಬೇಕೆಂದು ಕಲ್ಲೇಶನ ತೋಳಿಗೆ ಕೊಟ್ಟರು. ಹೆಂಗಸರು ಮನೆಯಲ್ಲೇ ಉಳಿದರು. ಗಂಡಸರು ಹೊಲದ ಅಂಚಿನ ಗುಣಿಯತ್ತ ನಡೆದರು.

ಹದಿನಾಲ್ಕು ತಿಂಗಳು ಕಾದ ಗಿಟಾರು ಹೀಗೆ ಮೊದಲ ಸಲ ಅವನ ತೋಳಿಗೆ ಬಂತು. ಹಸುಗೂಸಿನ ಹಾಗೆ ಎದೆಗೆ ಒತ್ತಿಕೊಂಡು ನಡೆದ. ನಡೆಯುತ್ತ ಒಂದು ಸಂಗತಿ ಅವನ ಗಮನಕ್ಕೆ ಬಂತು. ಚೀಲ ಸಡಿಲವಾಗಿತ್ತು. ಸೊಂಟದ ಹತ್ತಿರ ಸರಿಯಾಗಿ ಎರಡು ಬೆರಳು ಸಡಿಲ. ತಾನೇ ಟೇಪು ಹಿಡಿದ ಅಳತೆ, ತಾನೇ ಆಡಿಸಿದ ಕತ್ತರಿ. ಜೀವಮಾನದಲ್ಲಿ ಎಳೆಯಷ್ಟು ತಪ್ಪದವನಿಗೆ ಇಲ್ಲಿ ಎರಡು ಬೆರಳು ತಪ್ಪಿತೆ? ಬಣ್ಣ ಹೊಡೆದರೆ ಮರ ಕುಗ್ಗುತ್ತದೋ, ಒಡೆಯ ಸತ್ತರೆ ವಾದ್ಯ ಸೊರಗುತ್ತದೋ ಎಂದು ಯೋಚಿಸಿದ. ಟೇಪಿನ ಮೇಲೆ ಅನುಮಾನಪಟ್ಟ, ಕಣ್ಣಿನ ಮೇಲೆ ಅನುಮಾನಪಟ್ಟ. ಗಿಟಾರಿನ ಮೇಲೆ ಅನುಮಾನಪಡುವುದು ಮಾತ್ರ ಹೊಳೆಯಲಿಲ್ಲ.

ಗುಣಿಯ ಹತ್ತಿರ ಒಮ್ಮೆ ಬಾಯಿ ತೆರೆದ. "ಅಣ್ಣಾರ, ಈ ಗಿಟಾರು..." ಎಂದ.

"ಗೊತ್ತು ಕಣಪ್ಪ, ಕೊಡಕ್ಕೆ ಮನ್ಸು ಬರಾಕಿಲ್ಲ," ಎಂದ ಕಾಟಪ್ಪ. "ಇಳಿಸು."

ನನ್ನದು ಎಂದು ಹೇಳಬಹುದಿತ್ತು. ಆದರೆ ಅಂಗೈಯಲ್ಲಿ ಇನ್ನೂ ಮಗನ ತಲೆಯ ಬಿಸಿ ಇತ್ತು. ಹೇಳಿದ ಗಳಿಗೆಯಲ್ಲೇ ಬೆಳಗಿನ ಆಣೆ ಸುಳ್ಳಾಗುತ್ತದೆ. ಕಲ್ಲೇಶ ಬಗ್ಗಿ, ಗಿಟಾರನ್ನು ಗೋಪಣ್ಣನ ಬಲತೋಳಿಗೆ ಒರಗಿಸಿ, ಎಲ್ಲರಿಗಿಂತ ಮುಂಚೆ ಮೂರು ಹಿಡಿ ಮಣ್ಣು ಹಾಕಿದ. ಅವನು ಅತ್ತದ್ದನ್ನು ಕಂಡು, ಬಂಡಲ್ ಕೊಡುವವರಲ್ಲೂ ಇಂಥ ಅಂತಃಕರಣದವರಿದ್ದಾರಲ್ಲ ಎಂದು ಊರವರು ಮಾತಾಡಿಕೊಂಡರು.

ಮಿಂದು ಮರಳಿ ಬಂದಾಗ ವಿಜಯಲಕ್ಷ್ಮಿಯ ಮುಖ ಬದಲಾಗಿತ್ತು. ಕೋಪವಿರಲಿಲ್ಲ, ಕೋಪಕ್ಕಿಂತ ಭಯವಾಗುವಂಥ ಒಂದು ಸಮಾಧಾನ ಇತ್ತು. ಪ್ಯಾಂಟುಗಳ ಬಗ್ಗೆ ಕೇಳಲಿಲ್ಲ. ಮೈಲಾರಮ್ಮನ ಕೈ ಹಿಡಿದು, ಇನ್ನೊಮ್ಮೆ ಬರುತ್ತೇನೆಂದು ಹೇಳಿ ಹೊರಟಳು. ಪಾಪಕ್ಕನ ಕೈಯಲ್ಲಿ ಮಾತ್ರ ಕರಿ ಕಂಬಳಿಯ ಒಂದು ದೊಡ್ಡ ಗಂಟು ಬಂದಿತ್ತು.

"ಕಂಬಳಿ," ಎಂದಳು ಪಾಪಕ್ಕ. "ಕುರಿ ಮನಿ ಅಲ್ಲೇನ್ರಿ. ಕೊಟ್ರು."

ಸಾವಿನ ಮನೆಯಿಂದ ಏನೂ ತರಬಾರದೆಂದು ಸದಾ ಹೇಳುತ್ತಿದ್ದವಳು ಅವಳೇ. ಒಡತಿ ತಾನಾಗಿ ಕೈಯೆತ್ತಿ ಕೊಟ್ಟರೆ ದೋಷವಿಲ್ಲವೆಂದು ಈಗ ಶಾಸ್ತ್ರ ತಿದ್ದಿದಳು. ತನಗೆ ಸೊಂಟನೋವೆಂದು ಗಂಟನ್ನು ಕಲ್ಲೇಶನ ಹೆಗಲಿಗೆ ಏರಿಸಿದಳು. ಅಮರಾಪುರದ ಆಟೋದಿಂದ ಮಡಕಶಿರಾ ಬಸ್ಸಿಗೆ, ಅಲ್ಲಿಂದ ಕಲ್ಯಾಣದುರ್ಗಕ್ಕೆ, ಮುಂದೆ ರಾಯದುರ್ಗದ ಓಣಿಯಲ್ಲಿ ಪಾಪಕ್ಕನ ಬಾಗಿಲವರೆಗೆ ಕಲ್ಲೇಶ ಅದನ್ನು ಹೊತ್ತ. ಕಂಬಳಿಗೆ ಇಷ್ಟು ಉದ್ದವೇಕೆ ಎಂದು ಕೇಳಲಿಲ್ಲ. ಬಸ್ಸು ಗುಂಡಿಗೆ ಬಿದ್ದಾಗ ಹೆಗಲ ಹತ್ತಿರ ಎಲ್ಲೋ ಗುಂಯ್ ಎಂದಂತಾಯಿತು. ಗೋಪಣ್ಣ ಇನ್ನೂ ಕಿವಿಯಲ್ಲೇ ಇದ್ದಾನೆಂದು ಕಣ್ಣೊರೆಸಿಕೊಂಡ. ಬೆಳಗಿನಿಂದ ಎಲ್ಲರೂ ಎಲ್ಲದರ ಮೇಲೆ ಅನುಮಾನಪಟ್ಟ ಆ ದಿನದಲ್ಲಿ, ಅನುಮಾನಪಡಬೇಕಾದ ಹೊತ್ತಿನಲ್ಲಿ ಪಡದವನು ಅವನೊಬ್ಬನೇ.

ಮನೆ ಸೇರಿ, ಅಂಗಳದಲ್ಲೇ ಸ್ನಾನ ಮಾಡಿ ಒಳಗೆ ಬಂದಾಗ ದೀಪ ಹಚ್ಚುವ ಹೊತ್ತು. ವಿಜಯಲಕ್ಷ್ಮಿ ಆಂಜನೇಯನ ಪಟದ ಮುಂದೆ ಬತ್ತಿ ತಿದ್ದುತ್ತಿದ್ದಳು. ಆಗ ಗೋಡೆಯ ಆ ಕಡೆಯಿಂದ ಒಂದು ಸದ್ದು ಬಂತು. ಟಂಯ್. ಸ್ವಲ್ಪ ತಡೆದು ಇನ್ನೊಂದು. ಟಂಯ್.

ಕಲ್ಲೇಶನ ಮೈಯ ನೀರು ಅಲ್ಲೇ ಆರಿತು. ಹಲಸಿನ ಮರದ ದನಿ ಅದು. ಬಾಗಿಲು ಹಾಡುತ್ತದೆ ಎಂದಿದ್ದ ಗೋಪಣ್ಣ.

"ಏನದು?"

"ನಿಮ್ಮ ಗಿಟಾರು," ಎಂದಳು ಹೆಂಡತಿ, ಬತ್ತಿಯಿಂದ ಕಣ್ಣು ತೆಗೆಯದೆ.

ಗುಣಿಗೆ ಹೋದದ್ದು ಗೋಪಣ್ಣ ಬೆಂಗಳೂರಿನಲ್ಲಿ ಮೊದಲ ಸಲ ಮಾಡಿದ, ಅಟ್ಟದ ಮೇಲಿಟ್ಟಿದ್ದ ತನ್ನ ಸ್ವಂತದ ಸಣ್ಣ ಗಿಟಾರು. ಕಲ್ಲೇಶನದು ಒಳಕೋಣೆಯಲ್ಲಿ, ಕಂಬಳಿಯಲ್ಲಿ ಸುತ್ತಿ, ಸಿದ್ಧವಾಗಿತ್ತು. ಗಂಡಸರು ಹೊಲಕ್ಕೆ ಹೋದ ಮೇಲೆ ಮೈಲಾರಮ್ಮ ಹಾಡಿಕೊಂಡು ಅತ್ತಳಂತೆ. ಸತ್ತವನ ಬದುಕನ್ನೆಲ್ಲ ಹೇಳಿ ಅಳುವುದು ಅಲ್ಲಿಯ ರೂಢಿ. ಅವನ ಕುರಿ, ಅವನ ಕೆಮ್ಮು, ಕೊನೆಯ ಸಂಜೆ ಕುಳಿತು ರಾಯದುರ್ಗದಣ್ಣನ ಗಿಟಾರಿಗೆ ತಂತಿ ಬಿಗಿದದ್ದು, ಆ ಅಣ್ಣ ಮಕ್ಕಳಿಗೆ ಪ್ಯಾಂಟು ಹೊಲಿದುಕೊಟ್ಟದ್ದು, ಎಲ್ಲ ಆ ಅಳುವಿನಲ್ಲಿ ಬಂತು. ಹದಿನಾಲ್ಕು ತಿಂಗಳ ಅನುಮಾನ ಅರ್ಧ ಗಂಟೆಯಲ್ಲಿ ಕರಗಿತು. ವಿಜಯಲಕ್ಷ್ಮಿಯೂ ಅತ್ತಳು. ಆಮೇಲೆ ಮೈಲಾರಮ್ಮ ಕಂಬಳಿಯ ಗಂಟನ್ನು ತಂದು, ಅಣ್ಣನಿಗೆ ಕೊಡವ್ವ ಎಂದು ಮುಂದಿಟ್ಟಳು.

"ಮತ್ತ ನೀನು ತಗೋಬೇಕಲ್ಲ," ಎಂದ ಕಲ್ಲೇಶ. ದನಿ ಅಳುವಿಗೆ ಹತ್ತಿರವಿತ್ತು.

"ಹೆಂಗ ತಗೊಳ್ಳಿರಿ? ಆ ಮನ್ಯಾಗ ನಂದು ಏನೂ ಇಲ್ಲ ಅಂತ ಮಗನ ತಲಿ ಮುಟ್ಟಿ ಅಂದೀರಿ. ನಿಮ್ಮದು ಅಂತ ನಾ ತಂದ್ರ ಆಣಿ ಸುಳ್ಳಾಕ್ಕೈತಿ. ಕೂಸಿನ ತಲಿ ಅದು." ಅವಳು ದೀಪದ ಕುಡಿ ಸರಿಮಾಡಿದಳು. "ಪಾಪಕ್ಕ ಆಣಿ ಮಾಡಿರಲಿಲ್ಲ. ಅಳಿಯಗ ಬೇಕು ಅಂದ್ಲು."

ನೇಮಕಲ್ಲಿಗೆ ಹೋಗಿ ಆಂಜನೇಯನಿಗೆ ತಪ್ಪುಕಾಣಿಕೆ ಒಪ್ಪಿಸಿ, ಆಣೆ ಬಿಡಿಸಿಕೊಂಡು, ಪಾಪಕ್ಕನನ್ನು ಕೇಳಬಹುದಲ್ಲ ಎಂದ ಕಲ್ಲೇಶ.

"ಹೋಗಬಹುದು," ಎಂದಳು ವಿಜಯಲಕ್ಷ್ಮಿ. "ಮೊದಲು ಬೆಳುಗುಪ್ಪ, ಆಮೇಲೆ ಬಚ್ಚಲ ಬಾಗಿಲು, ಆಮೇಲೆ ಅತ್ತೀ ಕಣ್ಣು. ನೇಮಕಲ್ಲು ಅದರ ಹಿಂದ. ನಿಮಗ ಪುರುಸೊತ್ತು ಸಿಗಬೇಕಲ್ಲ."

ಗೋಡೆಯ ಆಚೆ ರಮೇಶನಿಗೆ ತಂತಿ ಮೀಟಿ ಬೇಸರವಾಗಿರಬೇಕು. ಈಗ ಗಿಟಾರಿನ ಬೆನ್ನನ್ನು ಡಬ್ಬ ಬಾರಿಸಿದ ಹಾಗೆ ಬಾರಿಸತೊಡಗಿದ. ಪಾಪಕ್ಕ ಚೆನ್ನಾಗಿದೆ ಎಂದು ತಲೆದೂಗುತ್ತಿರುವುದು ಇಲ್ಲಿಗೇ ಕೇಳಿಸುವಂತಿತ್ತು.

ಕಲ್ಲೇಶ ಒದ್ದೆ ತಲೆಯಲ್ಲೇ ಪಟದ ಮುಂದೆ ನಿಂತ. ಎರಡು ಬೆರಳು ಸಡಿಲವಿದ್ದದ್ದು ತನ್ನ ಅಳತೆಯ ತಪ್ಪಲ್ಲ ಎಂಬ ಒಂದೇ ಸಮಾಧಾನವನ್ನು ಎದೆಯಲ್ಲಿ ಹಿಡಿದು, ಕೈ ಮುಗಿದು, ಕಣ್ಣು ಮುಚ್ಚಿದ. ಸ್ವಾಮಿ, ಗೋಪಣ್ಣ ಒಳ್ಳೆಯವನು. ಮರವನ್ನೂ ನೋಯಿಸದೆ ಕೆತ್ತಿದವನು, ಕೊನೆಯ ಉಸಿರಿನವರೆಗೆ ಕೊಟ್ಟ ಮಾತು ಉಳಿಸಿಕೊಂಡವನು. ಅವನ ಎದೆಯ ಕೆಮ್ಮು ನಿನ್ನ ಪಾದದ ಹತ್ತಿರ ತಣ್ಣಗಾಗಲಿ. ಅವನ ಆತ್ಮಕ್ಕೆ ಶಾಂತಿ ಕೊಡು ತಂದೆ. ಪಾಪಕ್ಕನ ಅಳಿಯನ ಸದ್ದು ಮುಟ್ಟದಷ್ಟು ದೂರದಲ್ಲಿ ಕೊಡು.